ಸರದಿ ಸಾಂಬೂವಿನ ಕುರ್ಚಿ

ನಮ್ಮ ದೇಶವನ್ನು ನಕ್ಷೆಯಲ್ಲಿ ಹುಡುಕುವವರು ಮೊದಲು ಕನ್ನಡಕ ಒರೆಸಿಕೊಳ್ಳುತ್ತಾರೆ. ಸೆನೆಗಲ್‌ನ ಹೊಟ್ಟೆಯೊಳಗೆ ಪಡವಲಕಾಯಿಯ ಹಾಗೆ ಉದ್ದಕ್ಕೆ ಮಲಗಿರುವುದೇ ಗ್ಯಾಂಬಿಯಾ. ನಡುವೆ ಹೊಳೆ, ಹೊಳೆಯ ಎರಡು ದಡಕ್ಕೆ ಅಂಟಿಕೊಂಡಷ್ಟು ನೆಲ, ಅಷ್ಟೇ. ಇಂಗ್ಲಿಷಿನವರು ಹೊಳೆಯ ಮೇಲೆ ಹಡಗು ನಿಲ್ಲಿಸಿ ಎರಡೂ ಕಡೆಗೆ ಫಿರಂಗಿ ಹಾರಿಸಿದರಂತೆ, ಗುಂಡು ಬಿದ್ದಲ್ಲಿ ಗಡಿ ಎಂದರಂತೆ. ಈ ಕಥೆ ನಿಜವೋ ಸುಳ್ಳೋ ನಾನು ಕಾಣೆ. ಮೇಯಲು ಬಿಟ್ಟ ಕತ್ತೆ ಪರದೇಶಕ್ಕೆ ಹೋಗಿ ನಿಂತಾಗಲೆಲ್ಲ, ಆ ಫಿರಂಗಿಯವನು ಇನ್ನೊಂದಿಷ್ಟು ಮದ್ದು ತುಂಬಬಾರದಿತ್ತೇ ಎಂದು ನಾನು ಬೈದುಕೊಂಡದ್ದು ಮಾತ್ರ ನಿಜ.

ಶಾಲೆಯ ಪುಸ್ತಕದಲ್ಲಿ ನಮ್ಮ ಮುಖ್ಯ ಬೆಳೆ ಶೇಂಗಾ ಎಂದಿದೆ. ಗಂಡಸರು ಮೇಲಿನ ಮರಳು ನೆಲದಲ್ಲಿ ಶೇಂಗಾ ಬೆಳೆಯುತ್ತಾರೆ, ಹೆಂಗಸರು ಹೊಳೆಯಂಚಿನ ಕೆಸರಿನಲ್ಲಿ ಭತ್ತ ಬೆಳೆಯುತ್ತಾರೆ, ಆಮೇಲೆ ಎಲ್ಲರೂ ಸೇರಿ ಹೊರದೇಶದ ಅಕ್ಕಿ ತಿನ್ನುತ್ತಾರೆ. ಚಳಿಗಾಲದಲ್ಲಿ ಬಿಳಿಯರು ಬಂದು, ನಾವು ತಪ್ಪಿಸಿಕೊಂಡು ತಿರುಗುವ ಬಿಸಿಲಿಗೆ ಕಡಲ ದಂಡೆಯಲ್ಲಿ ಮೈಯೊಡ್ಡಿ, ಅದಕ್ಕೆ ದುಡ್ಡನ್ನೂ ಕೊಟ್ಟು ಹೋಗುತ್ತಾರೆ. ಇಷ್ಟೆಲ್ಲ ಪುಸ್ತಕದಲ್ಲಿದೆ. ಬಿಟ್ಟುಹೋದದ್ದು ನಮ್ಮೂರು ಬಂತಾಂಗ್‌ತೆಂಡದ ಕಸುಬು ಮಾತ್ರ. ನಮ್ಮ ಕಸುಬು ಕಾಯುವುದು. ಅದಕ್ಕಿಂತ ಹೆಚ್ಚಾಗಿ, ಕಾಯಿಸುವುದು.

ಸೆನೆಗಲ್‌ನ ಮೇಲಿನ ಅರ್ಧದವರು ಕೆಳಗಿನ ಅರ್ಧಕ್ಕೆ ಹೋಗಬೇಕಾದರೆ ನಮ್ಮ ಹೊಳೆ ದಾಟಬೇಕು. ದಾಟಲು ನಮ್ಮ ಕಡವಿನ ಲಾಂಚ್ ಬೇಕು. ಆ ಲಾಂಚಿನ ಇಂಜಿನ್ ನೋಡಿಕೊಳ್ಳುತ್ತಿದ್ದವನು ನಾನು, ಇಂಜಿನ್ ಕೆಬ್ಬಾ. ಅದು ನನಗಿಂತ ಹಿರಿಯ ಇಂಜಿನ್, ನನಗಿಂತ ಹೆಚ್ಚು ಕೆಮ್ಮುತ್ತಿತ್ತು. ಅದು ಕೆಟ್ಟು ಕೂತರೆ ಡಾಕಾರ್‌ನಿಂದ ಬಂದ ಲಾರಿಗಳು ಮಸೀದಿಯವರೆಗೆ ಸಾಲು ನಿಲ್ಲುತ್ತಿದ್ದವು; ಅನ್ನ ಖರ್ಚಾಗುತ್ತಿತ್ತು, ಚಹಾ ಖರ್ಚಾಗುತ್ತಿತ್ತು, ಚಾಪೆ ಬಾಡಿಗೆಗೆ ಹೋಗುತ್ತಿತ್ತು, ಡ್ರೈವರುಗಳು ಬೇಸರಕ್ಕೆ ಮದುವೆಯನ್ನೂ ಮಾಡಿಕೊಳ್ಳುತ್ತಿದ್ದರು. ಇಂಜಿನ್ ಸರಿಹೋದ ದಿನ ಊರಿಗೆ ಊರೇ ನನ್ನನ್ನು ಕೆಟ್ಟ ಕಣ್ಣಿನಿಂದ ನೋಡುತ್ತಿತ್ತು. ಮಗಳ ಮದುವೆ ಹತ್ತಿರ ಬಂದವರು ಮನೆಗೇ ಬಂದು, "ಕೆಬ್ಬಾ, ಈ ವಾರ ಇಂಜಿನ್ನಿನ ಆರೋಗ್ಯ ಹೆಂಗಪ್ಪಾ?" ಎಂದು ಕೇಳುತ್ತಿದ್ದರು. ನಾನು ಅವರಿಗೆ ಏನು ಹೇಳುತ್ತಿದ್ದೆ ಎಂಬುದು ನನಗೂ ಇಂಜಿನ್ನಿಗೂ ಬಿಟ್ಟದ್ದು.

ಇಲ್ಲಿ ಹೇಳಹೊರಟದ್ದು ನನ್ನ ಕಥೆಯಲ್ಲ, ಅನ್ಸುಮಾನಾ ಸಾಂಬೂವಿನ ಕಥೆ. ಅವನು ಕೆಳಗಿನ ಫೋನಿ ಸೀಮೆಯ ಜೋಲಾ ಜನದವನು. ಪ್ರಾಯದಲ್ಲಿ ಡಾಕಾರ್‌ಗೆ ಹೋಗಿ ದೊಡ್ಡ ಮನುಷ್ಯನಾಗಬೇಕೆಂದು ಗಂಟು ಕಟ್ಟಿಕೊಂಡು ಕಡವಿಗೆ ಬಂದ. ಲಾಂಚ್ ಕೆಟ್ಟಿತ್ತು. ಕಾಯುತ್ತ ಕೂತಿದ್ದಾಗ ಇಬ್ಬರು ಲಾರಿ ಡ್ರೈವರುಗಳು ನಾನು ಮುಂದೆ, ತಾನು ಮುಂದೆ ಎಂದು ಕೈ ಕೈ ಮಿಲಾಯಿಸಿದರು. ಸಾಂಬೂ ಎದ್ದುಹೋಗಿ ಇಬ್ಬರನ್ನೂ ಬಿಡಿಸಿ, "ನೀನು ಮೊದಲು, ನೀನು ಆಮೇಲೆ" ಎಂದ. ಆಳು ಎತ್ತರ, ಗಂಟಲು ಇನ್ನೂ ಎತ್ತರ. ಅವರು ತೆಪ್ಪಗೆ ಒಪ್ಪಿದರು. ಮೂರನೆಯವನು ಬಂದು, "ಅಣ್ಣಾ, ನಂದು ಯಾವಾಗ?" ಎಂದ. ಅಲ್ಲಿಗೆ ಮುಗಿಯಿತು. ಆಚೆ ದಡಕ್ಕೆ ಹೊರಟವನು ಇವತ್ತಿನವರೆಗೂ ದಾಟಿಲ್ಲ.

ಯಾರೋ ಒಂದು ಸೀಟಿ ಕೊಟ್ಟರು. ಪಲ್ಟಿ ಹೊಡೆದ ಬಸ್ಸಿನ ಡ್ರೈವರ್ ಸೀಟನ್ನು ಕಿತ್ತು ತಂದು, ಹಲಗೆಗೆ ಮೊಳೆ ಹೊಡೆದು ಸಿಂಹಾಸನ ಮಾಡಿಕೊಂಡ. ಕಡವಿಗೆ ಸರ್ಕಾರದ ಮೇಲ್ವಿಚಾರಕರು ಬಂದರು, ಹೋದರು. ಇವನನ್ನು ಹಿಂದಿನವನು ನೇಮಿಸಿರಬೇಕೆಂದು ಪ್ರತಿಯೊಬ್ಬನೂ ತಿಳಿದ. ಸಂಬಳ ಕೊಡಲಿಲ್ಲ, ತೆಗೆದೂ ಹಾಕಲಿಲ್ಲ. ಡ್ರೈವರುಗಳು ಕೈಗಿಟ್ಟದ್ದೇ ಅವನ ಬಾಳುವೆ. ಅವನ ಸರದಿಗೆ ಧರ್ಮವೊಂದಿತ್ತು. ಕಾಯಿಲೆಯವರು ಮೊದಲು, ಆಮೇಲೆ ಬಸುರಿಯರು, ಆಮೇಲೆ ಮೀನಿನ ಗಾಡಿ, ಆಮೇಲೆ ಮದುವೆ ದಿಬ್ಬಣ. ರಾಜಕಾರಣಿಗಳು ಕೊನೆಗೆ. ಕೇಳಿದರೆ, "ಮೀನು ಕೊಳೆಯುತ್ತೆ, ಇವರು ಇನ್ನು ಕೊಳೆಯೋಕೆ ಏನಿದೆ" ಎನ್ನುತ್ತಿದ್ದ. ಊರು ಅವನನ್ನು ಸರದಿ ಸಾಂಬೂ ಎಂದು ಕರೆಯಿತು.

ಕಡವಿನ ಬಾಯಲ್ಲೇ ತೆನಿಂಗ್ ಜೂಫ್‌ಳ ಗೂಡಂಗಡಿ. ಶೇಂಗಾ ಅರೆದು ಮಾಡಿದ ಗಟ್ಟಿ ಸಾರು, ಅನ್ನ, ಮೇಲೊಂದು ಮೀನು. ನಮ್ಮ ಕಡೆ ಇದಕ್ಕೆ ದೊಮೊದಾ ಎನ್ನುತ್ತೇವೆ. ತೆನಿಂಗ್ ಸೆರೇರ್ ಜನದವಳು. ಜೋಲಾಗಳಿಗೂ ಸೆರೇರ್‌ಗಳಿಗೂ ಹುಟ್ಟಿನಿಂದಲೇ ಬೈಗುಳದ ನೆಂಟಸ್ತಿಕೆ. ಸನಾವುಯಾ ಎನ್ನುತ್ತೇವೆ. ಒಬ್ಬರನ್ನೊಬ್ಬರು ಏನು ಬೇಕಾದರೂ ಅನ್ನಬಹುದು, ಅನ್ನಿಸಿಕೊಂಡವರು ಸಿಟ್ಟಾಗುವಂತಿಲ್ಲ, ಸಿಟ್ಟಾದವರು ಸೋತ ಹಾಗೆ. ಎಲ್ಲ ಬೈಗುಳಕ್ಕೂ ತಾಯಿಬೇರು ಒಂದೇ: ನಾನು ಯಜಮಾನ, ನೀನು ನನ್ನ ಜೀತದಾಳು. ಇಬ್ಬರೂ ಇದನ್ನೇ ಹೇಳುತ್ತಾರೆ, ಇಬ್ಬರೂ ಒಪ್ಪುವುದಿಲ್ಲ.

ಮಧ್ಯಾಹ್ನದ ನಮಾಜು ಮುಗಿಸಿ ಸಾಂಬೂ ಅಂಗಡಿಗೆ ಬಂದನೆಂದರೆ ಡ್ರೈವರುಗಳು ತುತ್ತು ಕೈಯಲ್ಲೇ ಹಿಡಿದು ಕೂರುತ್ತಿದ್ದರು.

"ಬಂದ್ಯಾ ಹೊಟ್ಟೆಬಾಕ? ನಿಮ್ಮ ಜೋಲಾ ಸೀಮೇಲಿ ಯಾರೂ ಒಲೆ ಹಚ್ಚಲ್ವೇನೋ?"

"ಹಚ್ತಾರೆ. ಯಜಮಾನ ಬಂದ್ರೂ ಕೂತೇ ಇರೋ ಜೀತದಾಳು ಮಾತ್ರ ಅಲ್ಲಿಲ್ಲ. ಅದನ್ನ ನೋಡೋಕೆ ಇಲ್ಲಿಗೇ ಬರ್ಬೇಕು."

"ಯಾರೋ ಜೀತದಾಳು? ನಿಮ್ಮಜ್ಜನ್ನ ನಮ್ಮಜ್ಜ ಒಂದು ಬುಟ್ಟಿ ಒಣಮೀನು ಕೊಟ್ಟು ತಗೊಂಡಿದ್ದ. ವಾರ ಅನ್ನ ಹಾಕಿ ನೋಡಿ, ಇವನನ್ನ ಇಟ್ಕೊಳ್ಳಿ, ಮೀನು ವಾಪಸ್ ಕೊಡಿ ಅಂತ ಅತ್ತಿದ್ದ."

"ಅದಕ್ಕೇ ಅಲ್ವಾ ನಿನ್ನ ಸಾರಲ್ಲಿ ಇವತ್ತಿಗೂ ಮೀನು ಹುಡುಕಬೇಕಾಗಿರೋದು. ಬಡಿಸು, ಬಡಿಸು."

ಅವನು ಉಂಡದ್ದಕ್ಕೆ ಎಂದೂ ದುಡ್ಡು ಕೊಟ್ಟವನಲ್ಲ. ಯಜಮಾನ ತನ್ನ ಆಳಿಗೆ ದುಡ್ಡು ಕೊಡುವುದುಂಟೇ ಎಂಬುದು ಅವನ ವಾದ. ನನ್ನ ಆಳಿನ ಹೊಟ್ಟೆ ತುಂಬಿಸುವುದು ನನ್ನ ಕರ್ಮ ಎಂಬುದು ಅವಳದು. ಲೆಕ್ಕ ಎರಡೂ ಕಡೆಯಿಂದ ಸರಿಹೋಗುತ್ತಿತ್ತು.

ಬರೀ ಬಾಯಿಮಾತಿನಲ್ಲೇ ಮುಗಿಯುತ್ತಿರಲಿಲ್ಲ. ಒಮ್ಮೆ ತೆನಿಂಗ್, ಮಂತ್ರಿಗಳು ಬಂದು ನಿನಗೆ ಪದಕ ಕೊಡುತ್ತಾರಂತೆ ಎಂದಳು. ಸಾಂಬೂ ಹಬ್ಬದ ನೀಲಿ ನಿಲುವಂಗಿ ತೊಟ್ಟು, ಎದೆಯ ಮೇಲೆ ಪದಕಕ್ಕೆ ಜಾಗ ಬಿಟ್ಟುಕೊಂಡು ಸಂಜೆಯವರೆಗೂ ಬಿಸಿಲಲ್ಲಿ ನಿಂತ. ಮರುವಾರ ಅವನು, ತೆನಿಂಗಕ್ಕ ಹರಕೆ ಹೊತ್ತಿದ್ದಾಳೆ, ಇವತ್ತು ಊಟ ಧರ್ಮಕ್ಕೆ ಎಂದು ಸಾಲಿನುದ್ದಕ್ಕೂ ಸಾರಿದ. ಅವಳ ಮೂರು ಪಾತ್ರೆಯ ತಳ ಕಂಡಿತು. ಅವಳ ಗಂಡ ತೀರಿಕೊಂಡಾಗ ಸಾಂಬೂ ಶೋಕದ ಮನೆಗೆ ಹೋಗಿ, ಸತ್ತವನ ಟೋಪಿ ಹಾಕಿಕೊಂಡು ಚಾಪೆಯ ಮೇಲೆ ಅಂಗಾತ ಮಲಗಿ, "ನಾನೂ ಸತ್ತೆ, ನಂಗೂ ಅಳ್ರಿ, ಇಲ್ಲಾಂದ್ರೆ ಊಟಕ್ಕಾದ್ರೂ ಎಬ್ಬಿಸಿ" ಎಂದ. ಬೈಗುಳದ ನೆಂಟರಿಗೆ ನಮ್ಮಲ್ಲಿ ಅದೇ ಪದ್ಧತಿ. ಅಳುತ್ತಿದ್ದ ತೆನಿಂಗ್‌ಗೆ ನಗು ಬಂತು. ಆ ನಗು ಇಲ್ಲದಿದ್ದರೆ ಅವಳು ಆ ವಾರ ದಾಟುತ್ತಿದ್ದಳೋ ಇಲ್ಲವೋ ನನಗೆ ಅನುಮಾನ.

ಹೀಗಿರುವಾಗ ನಮ್ಮ ಮೇಲೆ ಅಭಿವೃದ್ಧಿ ಬಂದು ಬಿತ್ತು. ಹೊಳೆಗೆ ಸೇತುವೆ ಕಟ್ಟಿದರು. ಉದ್ಘಾಟನೆಯಾಗದ ಸೇತುವೆಯ ಮೇಲೆ ಮಂತ್ರಿಗಳೇ ಆದರೂ ಹೇಗೆ ಹೋಗುವುದು, ನಿಯಮವಿದೆಯಲ್ಲ. ಆದ್ದರಿಂದ ಸೇತುವೆಯನ್ನು ಉದ್ಘಾಟಿಸಲು ಮಂತ್ರಿಗಳು ಲಾಂಚ್ ಹತ್ತಿ ಆಚೆ ದಡಕ್ಕೆ ಹೋಗಬೇಕಾಯಿತು. ಸಾಂಬೂ ಪದ್ಧತಿಯಂತೆ ಅವರನ್ನು ಕೊನೆಗೆ ಬಿಟ್ಟ, ಮುಂದೆ ಎರಡು ಮೀನಿನ ಗಾಡಿ. ಹೊಳೆಯ ನಡುವೆ ಇಂಜಿನ್ ನಿಂತಿತು. ನನ್ನ ಕೈವಾಡ ಏನೂ ಇರಲಿಲ್ಲ, ಆ ಮುದಿ ಇಂಜಿನ್ನಿಗೂ ಒಂದು ಮನಸ್ಸು ಇರುತ್ತದೆ. ಮಂತ್ರಿಗಳು ಮೀನಿನ ಜೊತೆ ಬಿಸಿಲಲ್ಲಿ ಕೂತು, ಸೇತುವೆ ಏಕೆ ಬೇಕೆಂಬ ಭಾಷಣವನ್ನು ಅಲ್ಲೇ ತಿದ್ದಿ ಬರೆದರು. ಬಹಳ ಭಾವಪೂರ್ಣವಾಗಿತ್ತು.

ಆಮೇಲೆ ಕಡವು ಸತ್ತಿತು. ಲಾರಿಗಳು ಮೇಲಿನಿಂದಲೇ ಹಾರ್ನ್ ಹೊಡೆದು ಹೋದವು. ನನಗೆ ಪಿಂಚಣಿ ಬಂತು, ಇಂಜಿನ್ನಿಗೆ ತುಕ್ಕು ಬಂತು. ಸಾಂಬೂಗೆ ಏನೂ ಬರಲಿಲ್ಲ. ದಿನಾ ಬೆಳಿಗ್ಗೆ ಬಂದು ಬಸ್ಸಿನ ಸೀಟಿನಲ್ಲಿ ಕೂರುತ್ತಿದ್ದ. ನೀರಿಗೆ ಬಂದ ಮೇಕೆಗಳು ನುಗ್ಗಿದರೆ ಸೀಟಿ ಊದುತ್ತಿದ್ದ. ಇಲ್ಲಿ ನೆಲೆ ತಪ್ಪಿದರೆ ಅವನಿಗೆ ಉಳಿದದ್ದು ಫೋನಿಯಲ್ಲಿ ತಮ್ಮಂದಿರ ಶೇಂಗಾ ಹೊಲ. ಗುದ್ದಲಿ ಹಿಡಿದು ಎಷ್ಟೋ ಕಾಲವಾಗಿತ್ತು. ಅಲ್ಲಿ ಅವನ ಸೀಟಿಗೆ ಯಾರೂ ನಿಲ್ಲುವುದಿಲ್ಲ, ತಮ್ಮನ ಹೆಂಡತಿ ಬಡಿಸಿದಾಗ ಉಣ್ಣಬೇಕು.

ಅಷ್ಟರಲ್ಲಿ ಸರ್ಕಾರಕ್ಕೆ ಕರುಣೆ ಬಂತು. ಕಡವಿನಲ್ಲಿ ವ್ಯಾಪಾರ ಕಳೆದುಕೊಂಡವರಿಗೆ ಸೇತುವೆಯ ಟೋಲ್ ಗೇಟಿನ ಪಕ್ಕದಲ್ಲಿ ಹೊಸ ಮಾರುಕಟ್ಟೆ, ಬಂದು ನಿಂತವರಿಗೆ ಒಂದೊಂದು ಜಾಗ. ರಾಜಧಾನಿ ಬಂಜುಲ್‌ನಿಂದ ಚಾಮ್ ಎಂಬ ಅಧಿಕಾರಿ ಶುಕ್ರವಾರ ಬಂದು ಹಂಚುತ್ತಾನೆ, ಅವತ್ತು ಬಾರದವರಿಗೆ ಇಲ್ಲ ಎಂದು ಸುದ್ದಿ. ಅದನ್ನು ಮೊದಲು ಕೇಳಿಸಿಕೊಂಡವಳು ತೆನಿಂಗ್. ಸೀದಾ ಕಡವಿಗೆ ಇಳಿದು ಹೋದಳು.

"ಲೋ ಸಾಂಬೂ, ನಾಳೆ ಟೋಲ್ ಗೇಟ್ ಹತ್ರ ಬಾ. ಸರ್ಕಾರ ಜಾಗ ಕೊಡ್ತಿದೆ."

ಸಾಂಬೂ ಸೀಟಿಗೆ ಒರಗಿ ಆರಾಮವಾಗಿ ನಕ್ಕ. "ಜಾಗಾನಾ? ಅದರ ಜೊತೆ ಪದಕಾನೂ ಕೊಡ್ತಾರಾ? ಅಂಗಿ ಒಗೆಸಿ ಇಟ್ಕೊಳ್ಳಲಾ?"

"ತಮಾಷೆ ಅಲ್ವೋ. ಸುಳ್ಳಾದ್ರೆ ನನ್ನ ಕಣ್ಣು ಹೋಗ್ಲಿ."

"ಹೋದ್ರೆ ಹೋಗ್ಲಿ ಬಿಡು. ಸಾರಿಗೆ ಉಪ್ಪು ಹಾಕೋವಾಗ ಅದು ಹೇಗೂ ನಿನ್ನ ಹತ್ರ ಇರಲ್ಲ."

ಅವಳು ಬೇಡಿಕೊಂಡಳು. ಬೇಡಿಕೊಂಡಷ್ಟೂ ಅವನಿಗೆ ಆಟ ಬಲು ಚೆನ್ನಾಗಿ ಕಟ್ಟಿದ್ದಾಳೆ ಎನಿಸಿತು, ಮೆಚ್ಚಿಕೊಂಡು ತೊಡೆ ತಟ್ಟಿದ. ನೋಡಿ ನಮ್ಮ ಅವಸ್ಥೆ. ಊರಲ್ಲಿ ಅವನಿಗೆ ಒಳ್ಳೆಯದಾಗಲಿ ಎಂದು ಮೊದಲು ಓಡಿಬಂದವಳು ಒಬ್ಬಳೇ, ಅವಳ ಬಾಯಿಂದ ಬಂದ ನಿಜವನ್ನು ನಂಬುವುದು ಪದ್ಧತಿಯಲ್ಲೇ ಇಲ್ಲ. ಅವಳು ಹಾಳಾಗಿ ಹೋಗು ಎಂದು ದಿಬ್ಬ ಹತ್ತಿ ಬಂದಳು. ಅದನ್ನು ಮಾತ್ರ ಅವನು ಎಂದಿನ ಮಾತೆಂದು ನಂಬಿದ.

ಶುಕ್ರವಾರದ ನಮಾಜು ಮುಗಿದ ಮೇಲೆ ಇಡೀ ಕಡವು ಟೋಲ್ ಗೇಟಿನ ಬಯಲಿನಲ್ಲಿ ಸೇರಿತು. ಚಾಮ್ ಸಾಹೇಬ ಕೊಡೆಯ ಕೆಳಗೆ ಮೇಜು ಹಾಕಿ ಕೂತಿದ್ದ. ಪಕ್ಕದಲ್ಲಿ ನಮ್ಮೂರ ಅಲ್ಕಾಲೊ ಫೋದೆ ದಾರ್ಬೋ. ಅಲ್ಕಾಲೊ ಎಂದರೆ ಊರ ಯಜಮಾನ. ಕಣ್ಣು ಮಂಜು, ಕಿವಿ ಚುರುಕು. ಜನ ಒಬ್ಬರ ಮೇಲೊಬ್ಬರು ಬಿದ್ದು ಮೇಜು ಎರಡು ಸಲ ಮಗುಚಿತು. ತೆನಿಂಗ್‌ಳ ಸರದಿ ಬಂದಾಗ ಅವಳು, "ನನ್ನ ಜಾಗ ಇರಲಿ, ಸರದಿ ಸಾಂಬೂಗೆ ಯಾವುದು?" ಎಂದಳು.

"ಆತ ಏನು ಮಾರ್ತಿದ್ರು?" ಎಂದ ಚಾಮ್.

"ಏನೂ ಮಾರ್ತಿರ್ಲಿಲ್ಲ. ಸಾಲು ನೋಡ್ಕೊಳ್ತಿದ್ದ."

"ನೋಡಿಯಮ್ಮ, ಊಟ ಇದೆ, ಬಟ್ಟೆ ಇದೆ, ಮೀನು ಇದೆ, ರಿಪೇರಿ ಇದೆ. ಸಾಲು ಅನ್ನೋ ವ್ಯಾಪಾರ ನಮ್ಮ ಇಲಾಖೆಯಲ್ಲಿ ಇಲ್ಲ. ಜಾಗ ಬರಲ್ಲ."

"ಆಳು ಇಟ್ಕೊಂಡಿರೋರಿಗೆ ಎರಡು ಪಟ್ಟು ಅಂದ್ರಿ ಆಗ."

"ಹೌದು. ಕೆಲಸದವರಿದ್ರೆ ಜಾಗ ಡಬಲ್."

"ಹಂಗಾದ್ರೆ ನಂಗೆ ಡಬಲ್ ಬರೀರಿ. ಸಾಂಬೂ ನನ್ನ ಜೀತದಾಳು."

ಬಯಲಿಗೆ ಬಯಲೇ ಹೊಟ್ಟೆ ಹಿಡಿದುಕೊಂಡಿತು. ಚಾಮ್ ಪರದೇಶದಲ್ಲಿ ಓದಿ ಬಂದವನು, ಆ ಪದಕ್ಕೆ ಹೌಹಾರಿ ಪೆನ್ನು ಕೆಳಗಿಟ್ಟ. ಅಲ್ಕಾಲೊ ಅವನ ಕೈ ತಟ್ಟಿ, "ಹೆದರಬೇಡಿ ಸಾಹೇಬ್ರೆ, ನಿಮ್ಮ ಕಾಗದದಲ್ಲಿ ಕೆಲಸದವನು ಅಂತ ಬರ್ಕೊಳ್ಳಿ. ಎರಡೂ ಕಡೆ ಸಂಬಳ ಇಲ್ಲ, ವ್ಯತ್ಯಾಸ ಏನಿಲ್ಲ" ಎಂದ.

"ಸರಿ. ಆದ್ರೆ ಆತ ಬಂದು ಎಲ್ಲರ ಎದುರು ತಾನೇ ಹೇಳ್ಬೇಕು. ಸಂಜೆಗೆ ಮೊದಲು. ನಂಗೆ ಬಂಜುಲ್ ತಲುಪ್ಬೇಕು."

ಆಗ ನಗು ನಿಂತಿತು. ಸಾಂಬೂ ತಾನಾಗಿ ಬಾಯಿಬಿಟ್ಟು, ನಾನು ಸೆರೇರ್ ಹೆಂಗಸಿನ ಆಳು ಎಂದು ಹೇಳುವುದೇ? ಅದಕ್ಕಿಂತ ಹೊಳೆ ಹಿಂದಕ್ಕೆ ಹರಿದೀತು. ತೆನಿಂಗ್ ನನ್ನ ಕಡೆ ತಿರುಗಿ, "ಕೆಬ್ಬಣ್ಣ, ನೀನು ಹೋಗು. ನೀನು ಹೇಳಿದ್ರೆ ನಂಬ್ತಾನೆ" ಎಂದಳು. ಅವಳ ದನಿಯಲ್ಲಿ ಕೀಟಲೆ ಇರಲಿಲ್ಲ.

ನಾನು ಮಂಡಿನೋವಿನ ಕಾಲಲ್ಲಿ ಕಡವಿಗೆ ಇಳಿದೆ. ಸಾಂಬೂ ಕುರ್ಚಿಯಲ್ಲಿ ಕೂತು ಖಾಲಿ ದಡ ನೋಡುತ್ತಿದ್ದ. ನಡೆದದ್ದೆಲ್ಲ ಹೇಳಿದೆ. ಅವನ ಮುಖದಲ್ಲಿದ್ದ ನಗು ಮೆಲ್ಲನೆ ಕಳಚಿತು.

"ಅಂದ್ರೆ ಅವಳು ನಿನ್ನೆ ಹೇಳಿದ್ದು ನಿಜಾನಾ?"

"ನಿಜ ಕಣಯ್ಯ."

"ನಾನು ತೊಡೆ ತಟ್ಟಿ ನಕ್ಕುಬಿಟ್ಟೆನಲ್ಲೋ."

"ಆಯ್ತು, ಈಗ ಬಂದು ಹೂಂ ಅನ್ನು."

ಅವನು ಸೀಟಿಯ ದಾರವನ್ನು ಬೆರಳಿಗೆ ಸುತ್ತಿದ. "ನಮ್ಮಪ್ಪ ಸಾಯೋವಾಗ್ಲೂ ಪಕ್ಕದ ಮನೆ ಸೆರೇರ್‌ನನ್ನ ಕರೆದು, ನೀನೇ ನನ್ನ ಆಳು ಅಂತ ಹೇಳಿ ಕಣ್ಣು ಮುಚ್ಚಿದ. ನಾನು ಒಂದು ತುಂಡು ನೆಲಕ್ಕೆ ಹೇಳ್ಲಾ?"

"ಹೇಳ್ಬೇಡ. ಗುದ್ದಲಿ ತಗೊಂಡು ಫೋನಿ ಸೀಮೆಗೆ ಹೋಗು."

ಒರಟಾಗಿಯೇ ಹೇಳಿದೆ. ಅವನು ಎದ್ದ. ಕುರ್ಚಿಯನ್ನು ಹಲಗೆ ಸಮೇತ ತಲೆಯ ಮೇಲೆ ಹೊತ್ತುಕೊಂಡು ದಿಬ್ಬ ಹತ್ತಿದ.

ಬಯಲಲ್ಲಿ ಆಗಲೂ ನೂಕುನುಗ್ಗಲು. ಸಾಂಬೂಗೆ ಕಣ್ಣಿಂದ ನೋಡಲಾಗಲಿಲ್ಲ. ಕುರ್ಚಿ ಇಳಿಸಿ ಸೀಟಿ ಊದಿದ. "ಏಯ್, ಮಗು ಎತ್ಕೊಂಡಿರೋರು ಮುಂದೆ, ಮುದುಕರು ನೆರಳಿಗೆ, ಮೀನಿನವರು ಗಾಳಿ ಆ ಕಡೆ ಬೀಸೋ ಹಂಗೆ ನಿಲ್ಲಿ." ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಸಾಲು ದಾರ ಎಳೆದ ಹಾಗೆ ನಿಂತಿತು. ಚಾಮ್ ಬೆರಗಾಗಿ, "ಇದು ಬಹಳ ಉಪಯೋಗದ ಕೆಲಸ" ಎಂದ. ಕಾಗದಗಳನ್ನೆಲ್ಲ ಇನ್ನೊಮ್ಮೆ ತಿರುವಿ ಹಾಕಿದ. "ಆದ್ರೆ ಇಲಾಖೆಯಲ್ಲಿ ಇಲ್ಲ" ಎಂದ.

"ಹೇಳಿ, ನೀವು ಈ ತೆನಿಂಗ್ ಜೂಫ್ ಅವರ ಕೆಲಸದವರಾ?"

ಹೂಂ ಎಂದರೆ ಸಾಕಿತ್ತು. ಸಾಂಬೂ ಅವಳ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಹೌದು ಸಾಹೇಬ್ರೆ," ಎಂದ ಸಾಂಬೂ, ಲಾರಿ ಸಾಲಿನ ಕೊನೆಗೆ ಕೇಳಿಸುತ್ತಿದ್ದ ಅದೇ ಗಂಟಲಿನಲ್ಲಿ. "ನಾನು ಈ ಸೆರೇರ್ ಹೆಂಗಸಿನ ಜೀತದಾಳು. ನಮ್ಮಪ್ಪ ಇವರಪ್ಪನ ಆಳು. ನಮ್ಮಜ್ಜನ್ನ ಇವರಜ್ಜ ಒಂದು ಬುಟ್ಟಿ ಒಣಮೀನಿಗೆ ತಗೊಂಡಿದ್ದ."

ಯಾರೂ ನಗಲಿಲ್ಲ. ಅಂಥ ದಿನಕ್ಕಾಗಿ ಅಷ್ಟು ವರ್ಷ ಕಾದಿದ್ದ ತೆನಿಂಗ್ ಈಗ ಗೆದ್ದಿದ್ದಳು. ತಲೆಗೆ ಕಟ್ಟಿದ ಬಟ್ಟೆಯ ತುದಿಯಿಂದ ಮುಖ ಒರೆಸಿಕೊಂಡು, "ಅಷ್ಟುದ್ದ ಹೇಳು ಅಂತ ಯಾರಂದ್ರು ನಿಂಗೆ" ಎಂದಳು, ಮೆಲ್ಲಗೆ. ಡಬಲ್ ಜಾಗ ಮಂಜೂರಾಯಿತು. ವರ್ಷಕ್ಕೊಮ್ಮೆ ತಪಾಸಣೆ, ಆಳು ಆಳಾಗಿಯೇ ಇರಬೇಕು, ಇಲ್ಲವಾದರೆ ಅರ್ಧ ವಾಪಸ್ಸು ಎಂದು ಚಾಮ್ ಓದಿ ಹೇಳಿ ಕಾರು ಹತ್ತಿದ.

ಹೊಸ ಮಾರುಕಟ್ಟೆಯಲ್ಲಿ ಎಲ್ಲ ಇತ್ತು, ಗಿರಾಕಿ ಇರಲಿಲ್ಲ. ಕಾಯುವ ಕೆಲಸವೇ ಇಲ್ಲದ ಮೇಲೆ ಯಾರು ಇಳಿಯುತ್ತಾರೆ? ಟೋಲ್ ಕಟ್ಟಿದರು, ಹೋದರು. ಇದನ್ನು ಯೋಚಿಸಲು ಇಲಾಖೆಯಲ್ಲಿ ಜಾಗವಿರಲಿಲ್ಲವೆಂದು ಕಾಣುತ್ತದೆ. ಬೆಂದ ಅನ್ನ ಮೇಕೆಗಳಿಗೆ ಹೋಯಿತು. ಒಂದು ಬೆಳಿಗ್ಗೆ ಸಾಂಬೂ ಟೋಲ್ ಗೇಟಿನ ಮುಂದೆ ಹೋಗಿ ನಿಂತು ಸೀಟಿ ಊದಿದ. ಮುಂದಿನ ಲಾರಿ ನಿಂತಿತು. ಸರ್ಕಾರಿ ಸೀಟಿಗೂ ಖಾಸಗಿ ಸೀಟಿಗೂ ಕಿವಿಗೇನು ವ್ಯತ್ಯಾಸ? ಹಿಂದಿನದೂ ನಿಂತಿತು. ಮೀನಿನ ಗಾಡಿ ಮುಂದೆ, ಸಿಮೆಂಟಿನದು ಪಕ್ಕಕ್ಕೆ, ನೀನು ಇರು, ನೀನು ಬಾ. ಮಧ್ಯಾಹ್ನದ ಹೊತ್ತಿಗೆ ಸೇತುವೆಯ ಆ ತುದಿಯವರೆಗೆ ಸಾಲು. ಟೋಲಿನವರು ಇವನನ್ನು ಬಂಜುಲ್‌ನವರು ಕಳಿಸಿರಬೇಕೆಂದು ತಿಳಿದರು. ಡ್ರೈವರುಗಳು ಬೈಯುತ್ತ ಇಳಿದರು, ಬೈಯುತ್ತ ಕೂತರು, ಎರಡನೆಯ ಸುತ್ತಿನ ಚಹಾಕ್ಕೆ ಬೈಯುವುದನ್ನು ಮರೆತರು. ಇಷ್ಟು ದೊಡ್ಡ ಸೇತುವೆ ಕಟ್ಟಿಯೂ ದೇಶ ಎಲ್ಲಿತ್ತೋ ಅಲ್ಲಿಗೇ ಬಂದು ಸೇರಿತು, ಊರಿಗೆ ಜೀವ ಬಂತು.

ಜೀವ ಬಾರದೇ ಇದ್ದದ್ದು ತೆನಿಂಗ್‌ಳ ಅಂಗಡಿಗೆ ಮಾತ್ರ. ವ್ಯಾಪಾರ ಜೋರಿತ್ತು, ಬೈಗುಳ ನಿಂತಿತ್ತು. ಸಾಂಬೂ ಊಟಕ್ಕೆ ಬಂದರೆ ಅವಳು ಮಾತಿಲ್ಲದೆ ಬಡಿಸುತ್ತಿದ್ದಳು, ಇದ್ದುದರಲ್ಲಿ ದೊಡ್ಡ ಮೀನು ಅವನ ಬಟ್ಟಲಿಗೇ. ಅವನು ಮೊದಮೊದಲು ಕೆಣಕಿದ. "ಏನು, ಇವತ್ತು ಉಪ್ಪು ಕಂಡಿದೆ ಸಾರಿಗೆ?" ಅವಳು, "ಇನ್ನೊಂದು ಸೌಟು ಹಾಕ್ಲಾ?" ಎಂದಳು. ಆ ಮರ್ಯಾದೆಗೆ ಅವನ ಮುಖ ಬಾಡಿತು.

ನಾನೇ ಒಮ್ಮೆ ಕೇಳಿದೆ. "ತೆನಿಂಗಕ್ಕ, ಯಾಕೆ ಹಿಂಗೆ?"

"ಏನಂತ ಬೈಲಿ ಕೆಬ್ಬಣ್ಣ? ಅವನು ಒಪ್ಪಿಕೊಂಡುಬಿಟ್ಟ. ಒಪ್ಪಿಕೊಂಡೋನಿಗೆ ಜೀತದಾಳು ಅಂದ್ರೆ ಅದು ತಮಾಷೆ ಅಲ್ಲ, ನನ್ನ ಬಾಯಿ ಹೊಲಸಾಗುತ್ತೆ."

ಸಾಂಬೂ ಸೊರಗಿಹೋದ. ಸೀಟಿ ಊದುತ್ತಿದ್ದ, ಸಾಲು ನಿಲ್ಲುತ್ತಿತ್ತು, ಆದರೆ ಮೀನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಡ್ರೈವರುಗಳು ಅವನಿಗೆ ಸಕ್ಕರೆ ಕಾಯಿಲೆಯೆಂದು ಮಾತಾಡಿಕೊಂಡರು. ಊರಿನವರಿಗೆ ಕಾಯಿಲೆ ಗೊತ್ತಿತ್ತು, ಮದ್ದು ಗೊತ್ತಿರಲಿಲ್ಲ.

ಮುಂದಿನ ಶೇಂಗಾ ಸುಗ್ಗಿಗೆ ಚಾಮ್ ತಪಾಸಣೆಗೆ ಬಂದ. ಸೇತುವೆಯ ಮೇಲಿನ ಸಾಲಿನಲ್ಲಿ ಅವನ ಕಾರೂ ಕಾದು ಬಂದಿತ್ತು; ವಾಹನ ದಟ್ಟಣೆ ತೃಪ್ತಿಕರ ಎಂದು ಬರೆದುಕೊಂಡ. ಅಲ್ಕಾಲೊನನ್ನು ಜೊತೆಗಿಟ್ಟುಕೊಂಡು ತೆನಿಂಗ್‌ಳ ಅಂಗಡಿಗೆ ಬಂದಾಗ ಸಾಂಬೂ ಕುರ್ಚಿಯಲ್ಲಿ ಕೂತು ಬಟ್ಟಲನ್ನೇ ನೋಡುತ್ತಿದ್ದ. ಬಟ್ಟಲ ತುಂಬ ಮೀನು.

"ನೀವು ಇನ್ನೂ ಈ ಅಮ್ಮನ ಕೆಲಸದವರೇ ತಾನೆ?" ಚಾಮ್ ಕತ್ತು ಎತ್ತದೆ ಟಿಕ್ ಹಾಕಲು ಪೆನ್ನು ಇಟ್ಟ.

"ಅಲ್ಲ," ಎಂದ ಸಾಂಬೂ.

"ಏನಂದ್ರಿ?"

"ಅಲ್ಲ ಸಾಹೇಬ್ರೆ. ಅವತ್ತು ನೆಲದಾಸೆಗೆ ಸುಳ್ಳು ಹೇಳಿದ್ದು. ಈ ಹೆಂಗಸೇ ನನ್ನ ಜೀತದಾಳು. ಇವರಜ್ಜನ್ನ ನಮ್ಮಜ್ಜ ಸಂತೇಲಿ ತಗೊಂಡಿದ್ದ, ಒಣಮೀನಿಗಲ್ಲ, ಮೀನಿನ ತಲೆಗೆ. ಅದೂ ಬೆಕ್ಕು ಬೇಡ ಅಂತ ಬಿಟ್ಟಿದ್ದು."

ತೆನಿಂಗ್ ಒಲೆಯ ಮುಂದಿನಿಂದ ಎದ್ದಳು. ಸೌಟು ಕೈಯಲ್ಲಿತ್ತು.

"ಎಲಾ ಜೋಲಾ, ಬೆಕ್ಕು ಬಿಟ್ಟಿದ್ದಾ? ಬೆಕ್ಕು ಬಿಟ್ಟಿದ್ದನ್ನ ತಿಂದೇ ಕಣೋ ನಿಮ್ಮ ವಂಶ ಇಷ್ಟುದ್ದ ಬೆಳೆದಿದ್ದು. ಮೈಯೆಲ್ಲ ಗಂಟಲು, ಗಂಟಲ ತುಂಬ ಸುಳ್ಳು. ಒಂದು ವರ್ಷ ನನ್ನ ದೊಡ್ಡ ಮೀನೆಲ್ಲ ನುಂಗಿ ಈಗ ಯಜಮಾನ ಆದ್ಯಾ? ಆ ಬಸ್ ಸೀಟಿಗಾದ್ರೂ ನಾಚಿಕೆ ಇದೆ, ನೋಡು ಹೆಂಗೆ ಹರಿದಿದೆ."

ಸಾಲಿನಲ್ಲಿದ್ದ ಡ್ರೈವರುಗಳೆಲ್ಲ ಇಳಿದು ಬಂದರು. ಚಾಮ್ ಬೆದರಿ, "ಅಮ್ಮ, ಜಗಳ ಬೇಡ" ಎಂದ.

"ಜಗಳ ಅಲ್ಲ ಸಾಹೇಬ್ರೆ," ಎಂದ ಅಲ್ಕಾಲೊ, ಮಂಜುಗಣ್ಣು ಒರೆಸಿಕೊಳ್ಳುತ್ತ. "ಕಾಯಿಲೆ ವಾಸಿ ಆಯ್ತು."

"ಆದ್ರೆ ನಿಯಮದ ಪ್ರಕಾರ ಅರ್ಧ ಜಾಗ ವಾಪಸ್ ತಗೋಬೇಕಾಗುತ್ತೆ."

"ತಗೊಳ್ಳಿ," ಎಂದಳು ತೆನಿಂಗ್, ಅವನ ಕಡೆ ನೋಡದೆ. "ಬೇಗ ತಗೊಳ್ಳಿ, ನಾನಿನ್ನೂ ಇವನ ಅಜ್ಜೀಗೆ ಬಂದಿಲ್ಲ."

ಚಾಮ್ ಟೇಪು ಹಿಡಿದು ಅಳೆದು, ಅಂಗಡಿಯ ನಡುವೆ ಸುಣ್ಣದ ಗೆರೆ ಎಳೆಸಿದ. ಆ ಅರ್ಧ ಮುಂದಿನ ವಾರವೇ ಅವನ ಹೆಂಡತಿಯ ತಮ್ಮನಿಗೆ ಮಂಜೂರಾಯಿತು. ಆ ಹುಡುಗ ಮೊಬೈಲ್ ಕವರು ಮಾರುತ್ತಾನೆ, ಅದು ಇಲಾಖೆಯಲ್ಲಿ ಇದೆಯಂತೆ. ಸಾಂಬೂವಿನ ಕುರ್ಚಿ ಗೆರೆಯ ಆಚೆಗೆ ಉಳಿದಿತ್ತು. ತೆನಿಂಗ್ ಬೈಯುತ್ತಲೇ, ಬಾಯಿ ನಿಲ್ಲಿಸದೆ, ಕಾಲಿನಿಂದ ಅದನ್ನು ಈಚೆ ಕಡೆಗೆ ಎಳೆದುಕೊಂಡಳು.

ಆಮೇಲೆ ಅವನ ಬಟ್ಟಲಿನಿಂದ ಮೀನು ತೆಗೆದು ಪಾತ್ರೆಗೆ ವಾಪಸ್ ಹಾಕಿದಳು. ಬರೀ ಸಾರು ಅನ್ನ ಅವನ ಮುಂದೆ ಕುಕ್ಕಿದಳು.

"ಮೀನು ನನ್ನ ಆಳಿಗೆ. ನೀನು ಯಾರೋ ದಾರೀಲಿ ಹೋಗೋನು. ದುಡ್ಡಿಟ್ಟು ತಿನ್ನು."

ಸಾಂಬೂ ಬಟ್ಟಲು ನೆಕ್ಕಿ ಮುಗಿಸಿ, ಜೇಬು ತಡಕಿ, ಸುಕ್ಕಾದ ಒಂದು ನೋಟು ತೆಗೆದು ಅವಳ ಮುಂದೆ ಇಟ್ಟ. ತೆನಿಂಗ್ ಅದನ್ನು ಬಿಸಿಲಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಜೋಲಾ ಕೊಟ್ಟದ್ದು ಖೋಟಾ ಇರಬೇಕೆಂದು ನೆರೆದವರಿಗೆಲ್ಲ ತೋರಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವನು ಅವಳ ಅಂಗಡಿಯಲ್ಲಿ ಉಂಡದ್ದಕ್ಕೆ ದುಡ್ಡು ಕೊಟ್ಟದ್ದು ಅದೇ ಮೊದಲು. ಅವಳು ಆ ನೋಟನ್ನು ಇನ್ನೂ ಖರ್ಚು ಮಾಡಿಲ್ಲ.